ಲಾಲ್‌ಬಾಗ್‌ಗೆ ಹೋಗುವುದಾದರೆ ನಡೆಯಲು ಹೋಗಿ

ಈದ್ ಆದ ಮರುದಿನ ಗೆಜ್ಜಲಗೆರೆ, ಮದ್ದೂರು, ಮಳವಳ್ಳಿ ಕಡೆಯ ನಮ್ಮ ಕುಟುಂಬಗಳು ಹೊರಡುವ ಪ್ರವಾಸ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಒಂದು ಬಾಡಿಗೆ ಗಾಡಿ, ಒಂದು ದೊಡ್ಡ ಪಾತ್ರೆ ಬಿರಿಯಾನಿ, ಎರಡು ಜಮಖಾನ. ಕೆಆರ್‌ಎಸ್ ಆಗಲಿ, ಶ್ರೀರಂಗಪಟ್ಟಣವಾಗಲಿ, ಬೆಂಗಳೂರಾಗಲಿ, ಇಳಿದ ಕೂಡಲೇ ನೆರಳು ಹುಡುಕಿ ಜಮಖಾನ ಹಾಸುತ್ತಾರೆ. ಗಂಡಸರು ಫೋನ್ ನೋಡುತ್ತಾರೆ, ಮಕ್ಕಳು ಐಸ್‌ಕ್ರೀಮಿಗೆ ಅಳುತ್ತಾರೆ, ಹೆಂಗಸರು ಬಡಿಸುತ್ತಾರೆ. ಮನೆಯಲ್ಲಿ ಬಡಿಸುತ್ತಿದ್ದುದನ್ನೇ ಮರದ ಕೆಳಗೆ ಬಡಿಸಿದಂತಾಯಿತು. ಸಂಜೆ ಎಲ್ಲರೂ ದಣಿದು ಮರಳುತ್ತಾರೆ. ಆದರೆ ಅರ್ಧ ಕಿಲೋಮೀಟರ್ ಕೂಡ ನಡೆದಿರುವುದಿಲ್ಲ.

ಈ ಸಲ ಒಂದು ಭಾನುವಾರ ಬೇರೆ ರೀತಿ ಹೋಗಿ ನೋಡಿ. ಬೆಂಗಳೂರಿನ ಲಾಲ್‌ಬಾಗ್‌ಗೆ ಹೋಗಿ, ಆದರೆ ಕೂರುವುದಕ್ಕಲ್ಲ, ನಡೆಯುವುದಕ್ಕೆ. ಮನೆಯ ಹೆಂಗಸರಿಗಾಗಿಯೇ ಈ ಮಾತು ಹೇಳುತ್ತಿದ್ದೇನೆ. ಗಂಡಸರು ಕೆಲಸಕ್ಕೋ ಮಸೀದಿಗೋ ಅಂಗಡಿಗೋ ದಿನಕ್ಕೆ ನಾಲ್ಕು ಸಲ ಹೊರಗೆ ಹೆಜ್ಜೆ ಹಾಕುತ್ತಾರೆ. ನಮ್ಮ ಬಹಳಷ್ಟು ಅಮ್ಮಂದಿರಿಗೆ, ಅತ್ತೆಯರಿಗೆ, ಖಾಲಾಗಳಿಗೆ ಮನೆಯ ಹಿತ್ತಿಲೇ ಕೊನೆ. ನಲವತ್ತು ದಾಟುವಷ್ಟರಲ್ಲಿ ಮಂಡಿ ನೋವು, ಸಕ್ಕರೆ, ಬಿಪಿ ಮೂರೂ ಒಟ್ಟಿಗೆ ಬಂದು ಕೂರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಅಂಚಿನಲ್ಲಿದ್ದಾರೆ. ಅಂಚಿನಲ್ಲಿರುವವರನ್ನು ಹಿಂದಕ್ಕೆ ಎಳೆಯಬಲ್ಲ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದು ನಡಿಗೆ.

‘ಬೆಳಗಿನಿಂದ ರಾತ್ರಿವರೆಗೆ ಮನೆ ಕೆಲಸ ಮಾಡುತ್ತೇನಲ್ಲ, ಇನ್ನೇನು ವ್ಯಾಯಾಮ?’ ಎಂದು ಅನೇಕ ಸಹೋದರಿಯರು ಕೇಳುತ್ತಾರೆ. ಮನೆಗೆಲಸ ವ್ಯರ್ಥವೆಂದು ಯಾವ ವೈದ್ಯರೂ ಹೇಳುವುದಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ನಿಂತಲ್ಲೇ ನಿಲ್ಲುವುದು, ಬಗ್ಗುವುದು, ಮತ್ತೆ ನಿಲ್ಲುವುದು. ಉಸಿರು ಸ್ವಲ್ಪ ಜೋರಾಗಿ, ಎದೆ ಬಡಿತ ಸ್ವಲ್ಪ ಏರಿ, ಅದು ಹಾಗೆಯೇ ಹತ್ತು ಹದಿನೈದು ನಿಮಿಷ ಮುಂದುವರಿಯುವುದು ಮನೆಯೊಳಗೆ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಚಟುವಟಿಕೆ ಬೇಕೆಂದು ಹೇಳಿದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಎಷ್ಟು ವೇಗ ಎಂಬುದಕ್ಕೆ ಯಂತ್ರ ಬೇಡ. ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಉಸಿರು ಸಾಲಬಾರದು. ಅಷ್ಟೇ ಅಳತೆ.

ಇದಕ್ಕೆ ಲಾಲ್‌ಬಾಗೇ ಏಕೆ? ಮೊದಲ ಕಾರಣ, 240 ಎಕರೆಯ ಆ ತೋಟದೊಳಗೆ ಲಾರಿ, ಬೈಕುಗಳ ಕಾಟವಿಲ್ಲ. ಹೆದ್ದಾರಿಯ ಪಕ್ಕದಲ್ಲೇ ಬದುಕುವ ಗೆಜ್ಜಲಗೆರೆಯವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಇಲ್ಲಿ ಮಗುವಿನ ಕೈ ಬಿಟ್ಟು ನಡೆಯುವ ಧೈರ್ಯ ಯಾರಿಗಿದೆ? ಅಲ್ಲಿ ಬಿಡಬಹುದು. ಎರಡನೆಯದು, ಬೆಳಗಿನ ಹೊತ್ತು ಅಲ್ಲಿ ಎಲ್ಲರೂ ನಡೆಯಲೆಂದೇ ಬಂದಿರುತ್ತಾರೆ. ಬುರ್ಖಾದ ಕೆಳಗೆ ಕ್ಯಾನ್ವಾಸ್ ಶೂ ಹಾಕಿ ಬಿರಬಿರನೆ ನಡೆಯುವ ಹೆಂಗಸರು ಅಲ್ಲಿ ಹೊಸ ನೋಟವಲ್ಲ. ‘ಯಾರಾದರೂ ನೋಡಿದರೆ ಏನಂದುಕೊಂಡಾರು’ ಎಂಬ ಸಂಕೋಚ ಊರಿನ ಬೀದಿಯಲ್ಲಿ ಕಾಲಿಗೆ ಕಟ್ಟಿದ ಕಲ್ಲಿನಂತೆ. ಲಾಲ್‌ಬಾಗಿನಲ್ಲಿ ಅದು ಅರ್ಧ ಗಂಟೆಯೊಳಗೆ ಕಳಚಿ ಬೀಳುತ್ತದೆ. ನಡೆಯುವವಳನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮೂರನೆಯ ಕಾರಣ ಆರೋಗ್ಯದ ಪುಟಕ್ಕೆ ಸೇರಿದ್ದಲ್ಲ, ಆದರೂ ಹೇಳಬೇಕು. ಈ ತೋಟವನ್ನು 1760ರಲ್ಲಿ ಆರಂಭಿಸಿದವರು ಹೈದರ್ ಅಲಿ. ಸಿರಾದಲ್ಲಿದ್ದ ಮೊಘಲ್ ಶೈಲಿಯ ತೋಟದ ಮಾದರಿ ಅವರ ಮುಂದಿತ್ತು. ಆಗ ಅದು ಸುಮಾರು 40 ಎಕರೆ. ಟಿಪ್ಪು ಸುಲ್ತಾನರು ಪರ್ಷಿಯಾ, ಕಾಬೂಲ್, ಮಾರಿಷಸ್ ಮೊದಲಾದ ಕಡೆಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಕಂಪನಿಯವರ ಕೈಗೆ ಹೋಯಿತು. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಮೈಸೂರು ಅರಸರ ಕಾಲ, ಸ್ವಾತಂತ್ರ್ಯಾನಂತರದ ತೋಟಗಾರಿಕೆ ಇಲಾಖೆಯ ಕಾಲ, ಹೀಗೆ ಎಷ್ಟೋ ಕೈಗಳು ಸೇರಿ ಬೆಳೆದ ತೋಟ ಅದು. ಮಕ್ಕಳನ್ನು ನಡೆಸುತ್ತಾ ಈ ಕಥೆ ಹೇಳಿದರೆ ‘ಕಾಲು ನೋವು’ ಎಂಬ ರಾಗ ಸ್ವಲ್ಪ ತಡವಾಗಿ ಶುರುವಾಗುತ್ತದೆ.

ಈಗ ಹೋಗುವ ಬಗೆ. ಮದ್ದೂರಿನಿಂದ ಬೆಂಗಳೂರು 80 ಕಿ.ಮೀ. ಆಸುಪಾಸು. ಮದ್ದೂರು ನಿಲ್ದಾಣದಲ್ಲಿ ನಿಲ್ಲುವ ರೈಲು ಹಿಡಿದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊ ಹತ್ತಬಹುದು. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು ದಾಟಿದರೆ ಲಾಲ್‌ಬಾಗ್ ನಿಲ್ದಾಣ. ಬಸ್ಸಿನಲ್ಲಿ ಹೋಗುವವರು ಕೆಂಗೇರಿಯಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ನಗರದ ವಾಹನ ದಟ್ಟಣೆ ತಪ್ಪುತ್ತದೆ. ಸಾರಿಗೆ ನಿಗಮದ ಸಾಮಾನ್ಯ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ, ಆಧಾರ್ ಮರೆಯಬೇಡಿ. ಆದರೆ ಬಸ್ಸು ಮದ್ದೂರಿನಲ್ಲಿ ನಿಲ್ಲುವಂಥದ್ದೇ ಎಂದು ಮೊದಲೇ ಕೇಳಿಕೊಳ್ಳಿ. ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವ ತಡೆರಹಿತ ಬಸ್ಸುಗಳು ನಮಗೆ ಉಪಯೋಗವಿಲ್ಲ. ಸ್ಕೂಟರಿನಲ್ಲಿ ಮಡದಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಯೋಚನೆ ಬೇಡವೇ ಬೇಡ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೆ ನಿಷೇಧವಿದೆ. ಸರ್ವೀಸ್ ರಸ್ತೆಯಲ್ಲಿ ಅಷ್ಟು ದೂರ ಹೋಗಿಬಂದರೆ ಬೆನ್ನು ಮುರಿಯುತ್ತದೆ.

ಲಾಲ್‌ಬಾಗ್ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 7ಕ್ಕೆ ಮುಚ್ಚುತ್ತದೆ. ಫಜ್ರ್ ನಮಾಝ್ ಮುಗಿಸಿ ಹೊರಟರೆ ಬಿಸಿಲು ಏರುವ ಮುನ್ನ ಅಲ್ಲಿರಬಹುದು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸುತ್ತಮುತ್ತ ನಡೆಯುವ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ. ಹೂವು ಚೆಂದವೇ, ಆದರೆ ಆ ಜನಸಂದಣಿಯಲ್ಲಿ ನಡೆಯುವುದಿಲ್ಲ, ತಳ್ಳಿಸಿಕೊಳ್ಳುತ್ತೀರಿ ಅಷ್ಟೇ.

ಒಳಗೆ ಹೋದ ಮೇಲೆ ಮೊದಲು ಬಂಡೆ ಹತ್ತಿ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂಮಿಯ ಮೇಲಿನ ಬಹಳ ಹಳೆಯ ಶಿಲೆಗಳ ಸಾಲಿಗೆ ಸೇರಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಟ್ಟವೆಂದು ಕರೆಯುವಷ್ಟು ಎತ್ತರವಿಲ್ಲ. ಆದರೆ ವರ್ಷಗಳಿಂದ ಏರು ಹತ್ತದ ಕಾಲುಗಳಿಗೆ ಅದು ಒಳ್ಳೆಯ ಪರೀಕ್ಷೆ. ಒಂದೇ ಉಸಿರಿನಲ್ಲಿ ಹತ್ತುವುದು ಬೇಡ. ಎಲ್ಲಿ ನಿಲ್ಲಬೇಕಾಯಿತು, ಎಷ್ಟು ಹೊತ್ತಿನಲ್ಲಿ ಉಸಿರು ಸಮವಾಯಿತು ಎಂದು ಗಮನಿಸಿ. ಹತ್ತುವಾಗ ಎದೆ ಬಿಗಿದರೆ, ನೋವು ಭುಜಕ್ಕೋ ದವಡೆಗೋ ಹರಿದರೆ ಅಲ್ಲೇ ನಿಲ್ಲಿಸಿ, ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಬಂಡೆ ಮಳೆಯಲ್ಲಿ ಜಾರುತ್ತದೆ, ಮಧ್ಯಾಹ್ನ ಕಾಯುತ್ತದೆ. ಬುರ್ಖಾದ ಅಂಚು ನೆಲ ಮುಟ್ಟುವಂತಿದ್ದರೆ ಕಣಕಾಲಿನವರೆಗೆ ಎತ್ತಿ ಪಿನ್ ಹಾಕಿಕೊಳ್ಳುವುದು ಒಳ್ಳೆಯದು. ಇಳಿಯುವಾಗ ಎಡವುವುದು ಅದರಿಂದಲೇ.

ಬಂಡೆ ಇಳಿದು ಮರಗಳ ನಡುವೆ ನಡೆಯಿರಿ. ಬೇರುಗಳೇ ಗೋಡೆಯಂತೆ ಎದ್ದು ನಿಂತ ದೊಡ್ಡ ಬಿಳಿ ಬೂರುಗದ ಮರವಿದೆ. 2 ಕೋಟಿ ವರ್ಷ ಹಳೆಯದೆನ್ನುವ, ಕಲ್ಲಾಗಿ ಹೋದ ಮರದ ಕಾಂಡವಿದೆ. ಆಮೇಲೆ ಕೆರೆಯ ಬದಿ. ಕುಟುಂಬದಲ್ಲಿ ಎಲ್ಲರದೂ ಒಂದೇ ವೇಗವಲ್ಲವಾದ್ದರಿಂದ ದಾದಿಯನ್ನು ಎಳೆದುಕೊಂಡು ಹೋಗುವುದು ಬೇಡ, ಹುಡುಗರನ್ನು ಹಿಡಿದು ನಿಲ್ಲಿಸುವುದೂ ಬೇಡ. ಗಾಜಿನ ಮನೆಯ ಮುಂದೆ ಇಷ್ಟು ಗಂಟೆಗೆ ಸೇರುವುದೆಂದು ಹೇಳಿ ಎರಡು ತಂಡವಾಗಿ. ನಿಧಾನದ ತಂಡ ಹತ್ತು ನಿಮಿಷ ನಡೆದು ಐದು ನಿಮಿಷ ಕೂರಲಿ, ಮತ್ತೆ ಹತ್ತು ನಿಮಿಷ. ಹೀಗೆ ಮೂರು ಸಲ ಆದರೆ ಅರ್ಧ ಗಂಟೆ ನಡೆದಂತಾಯಿತು. ಮಂಡಿ ನೋವಿರುವವರು ಕೂತೇ ಇರಬೇಕೆಂಬುದು ತಪ್ಪು ತಿಳಿವಳಿಕೆ. ಸವೆತದ ನೋವಿಗೆ ಸಮತಟ್ಟಾದ ನೆಲದ ಮೇಲೆ ಮೆಲ್ಲನೆ ನಡೆದು ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳುವುದು ಚಿಕಿತ್ಸೆಯ ಭಾಗವೇ.

ಪ್ರವಾದಿ(ಸ) ಮತ್ತು ಹಝ್ರತ್ ಆಯಿಶಾ(ರ) ಪ್ರಯಾಣದಲ್ಲಿ ಓಟದ ಪಂದ್ಯ ಕಟ್ಟಿಕೊಂಡ ಪ್ರಸಂಗ ಹದೀಸ್‌ನಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಕಾಲ ಕಳೆದು ಮೈ ತುಂಬಿಕೊಂಡ ಮೇಲೆ ಇನ್ನೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ನಗೆಯಾಡಿದರು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಕೊನೆಯ ಸಲ ಜೊತೆಯಾಗಿ ಹತ್ತು ನಿಮಿಷ ನಡೆದದ್ದು ಯಾವಾಗ? ಮಡದಿ ಐದು ಹೆಜ್ಜೆ ಹಿಂದೆ ಚೀಲ ಹೊತ್ತು ಬರುವುದನ್ನು ಜೊತೆಯ ನಡಿಗೆ ಎನ್ನುವುದಿಲ್ಲ.

ಸಕ್ಕರೆ ಕಾಯಿಲೆಯವರು ಹೊರಡುವ ಮುನ್ನ ಕೆಲವು ವಿಷಯ ತಿಳಿದಿರಬೇಕು. ಹೊಸ ಶೂ ಅಂದೇ ಹಾಕಬೇಡಿ. ವಾರ ಮೊದಲಿನಿಂದ ಮನೆಯಲ್ಲಿ ಹಾಕಿ ಪಳಗಿಸಿಕೊಳ್ಳಿ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಬೇಡಿ. ಸಕ್ಕರೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ. ಕಣ್ಣು ಮಂಜಾದವರಿಗೆ ಸೊಸೆಯೋ ಮೊಮ್ಮಗಳೋ ನೋಡಲಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ತಿಂಡಿ ತಡವಾಗಿ ನಡಿಗೆ ಹೆಚ್ಚಾದರೆ ಸಕ್ಕರೆ ಇಳಿದುಬಿಡಬಹುದು. ಕೈ ನಡುಕ, ತಣ್ಣನೆ ಬೆವರು, ತಲೆ ಸುತ್ತು, ವಿನಾಕಾರಣ ಸಿಡಿಮಿಡಿ ಅದರ ಲಕ್ಷಣ. ಆಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಕೂರಿಸಿ; ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆಯ ಸಣ್ಣ ಪೊಟ್ಟಣ ಪರ್ಸಿನಲ್ಲೇ ಇರಲಿ.

ಹೆಂಗಸರ ಇನ್ನೊಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಯಾಣವೆಂದರೆ ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ, ಶೌಚಾಲಯಕ್ಕೆ ಹೋಗುವುದು ತಪ್ಪಲಿ ಎಂದು. ಸಂಜೆಗೆ ತಲೆನೋವು, ಎರಡು ದಿನ ಬಿಟ್ಟು ಮೂತ್ರದಲ್ಲಿ ಉರಿ. ಕಪ್ಪು ಬುರ್ಖಾದಲ್ಲಿ ಬೆವರು ಹೆಚ್ಚು ಹೋಗುವಾಗ ಇದು ಇನ್ನೂ ಕೆಟ್ಟದ್ದು. ರೈಲು ನಿಲ್ದಾಣ, ಮೆಟ್ರೊ ನಿಲ್ದಾಣ, ತೋಟದೊಳಗೆ, ಎಲ್ಲಾ ಕಡೆ ಶೌಚಾಲಯಗಳಿವೆ. ಇಸ್ತಿಂಜಾಕ್ಕೆ ಒಂದು ಚಿಕ್ಕ ಖಾಲಿ ಬಾಟಲಿ, ಕಾಗದದಲ್ಲಿ ಸುತ್ತಿದ ಸೋಪಿನ ತುಂಡು ಚೀಲದಲ್ಲಿದ್ದರೆ ಮುಜುಗರ ಅರ್ಧ ಕಡಿಮೆ. ಗಂಡಸರು ಈ ವಿಷಯದಲ್ಲಿ ಸ್ವಲ್ಪ ಎಚ್ಚರವಾಗಿದ್ದು, ಶೌಚಾಲಯ ಕಂಡ ಕಡೆ ತಾವಾಗಿಯೇ ‘ನಿಂತು ಹೋಗೋಣ’ ಎಂದರೆ ದೊಡ್ಡ ಉಪಕಾರ.

ಬಿಸಿಲಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮೈ ಪೂರ್ತಿ ಮುಚ್ಚುವ ಉಡುಪಿನವರಲ್ಲಿ, ಮನೆಯೊಳಗೇ ಇರುವವರಲ್ಲಿ ವಿಟಮಿನ್ ಡಿ ಕೊರತೆ ಹೆಚ್ಚು ಕಂಡುಬರುತ್ತದೆ. ಮೈಕೈ ನೋವು, ಸುಸ್ತು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧ ತೆಗೆದುಕೊಳ್ಳಿ. ಒಂದು ದಿನದ ಲಾಲ್‌ಬಾಗ್ ಬಿಸಿಲು ಅದಕ್ಕೆ ಮದ್ದಲ್ಲ.

ಊಟ? ಲಾಲ್‌ಬಾಗಿಗಾಗಲಿ ಕಬ್ಬನ್ ಪಾರ್ಕಿಗಾಗಲಿ ಊಟ, ಪ್ಲಾಸ್ಟಿಕ್ ತರುವುದರ ಮೇಲೆ ನಿರ್ಬಂಧಗಳಿವೆ. ಬಿರಿಯಾನಿ ಪಾತ್ರೆಯನ್ನು ಮನೆಯಲ್ಲೇ ಬಿಡಿ. ರೈಲಿನಲ್ಲಿ ಚಪಾತಿ, ಮೊಟ್ಟೆ, ಬಾಳೆಹಣ್ಣಿನ ತಿಂಡಿ ಸಾಕು. ಮದ್ದೂರು ವಡೆಯನ್ನು ಬಿಟ್ಟುಬಿಡಿ ಎಂದರೆ ಊರವರು ನನ್ನನ್ನು ಬಿಡುವುದಿಲ್ಲ. ಆದರೆ ಅದು ಬರುವಾಗಿನ ತಿಂಡಿಯಾಗಲಿ, ಒಬ್ಬರಿಗೆ ಒಂದು. ನಡೆದು ಹೊರಬಂದ ಮೇಲೆ ಊಟ, ಝುಹ್ರ್. ಮೆಟ್ರೊದಲ್ಲಿ ಎರಡೇ ನಿಲ್ದಾಣ ಹಿಂದೆ ಬಂದರೆ ಕೆ.ಆರ್. ಮಾರುಕಟ್ಟೆಯ ಜಾಮಿಯಾ ಮಸೀದಿ ಇದೆ. ಕಸ್ರ್ ಮಾಡಬೇಕೋ ಪೂರ್ಣ ನಮಾಝೋ ಎಂಬುದನ್ನು ಹೊರಡುವ ಮೊದಲೇ ನಿಮ್ಮ ಇಮಾಮರಲ್ಲಿ ಕೇಳಿಕೊಳ್ಳಿ. ದೂರ ಅಂಚಿನಲ್ಲಿರುವುದರಿಂದ ಮಸೀದಿಯಲ್ಲಿ ನಿಂತು ವಾದ ಮಾಡುವುದು ಬೇಡ.

ಜನ ನಡೆಯುವ ದಾರಿಯಲ್ಲಿ, ಜನ ಕೂರುವ ನೆರಳಿನಲ್ಲಿ ಮಲಮೂತ್ರ ಮಾಡುವುದರ ವಿರುದ್ಧ ಪ್ರವಾದಿ(ಸ) ಕಟುವಾಗಿ ಎಚ್ಚರಿಸಿದ್ದಾರೆ. ಹದಿನಾಲ್ಕು ಶತಮಾನದ ಹಿಂದಿನ ಆ ಎಚ್ಚರಿಕೆ ಉದ್ಯಾನವನಕ್ಕೆಂದೇ ಹೇಳಿದಂತಿದೆ. ಪುಟ್ಟ ಮಗುವನ್ನು ಪೊದೆಯ ಹಿಂದೆ ಕೂರಿಸುವುದು, ಡೈಪರನ್ನು ಸುತ್ತಿ ಮರದ ಬುಡಕ್ಕೆ ಎಸೆಯುವುದು ಆ ಎಚ್ಚರಿಕೆಯೊಳಗೇ ಬರುತ್ತದೆ. ಡೈಪರಿಗೆಂದು ಒಂದು ಹಳೆಯ ಬಟ್ಟೆ ಚೀಲ ಒಯ್ಯಿರಿ. ನಾಯಿಗಳನ್ನು ಮಕ್ಕಳು ಕೆಣಕದಂತೆ ನೋಡಿಕೊಳ್ಳಿ. ಕಚ್ಚಿದರೆ, ಗೀರಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅಂದೇ ರೇಬಿಸ್ ಲಸಿಕೆ ಹಾಕಿಸಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತುವುದು ಬೇಡ.

ಸೈಕಲ್ ಆಸೆಯ ಮಕ್ಕಳಿದ್ದರೆ ಇನ್ನೊಂದು ಭಾನುವಾರ ಕಬ್ಬನ್ ಪಾರ್ಕಿಗೆ ಕರೆದೊಯ್ಯಬಹುದು. 1870ರಲ್ಲಿ ರೂಪುಗೊಂಡ ಆ ಉದ್ಯಾನದ ನಡುವಿನ ರಸ್ತೆಗಳಲ್ಲಿ ಭಾನುವಾರ ವಾಹನ ಬಿಡುವುದಿಲ್ಲ. ನಡೆಯುವವರು, ಓಡುವವರು, ಸೈಕಲ್ ಹೊಡೆಯುವವರು ರಸ್ತೆ ತುಂಬಾ ಇರುತ್ತಾರೆ. ನೇರಳೆ ಮಾರ್ಗದಲ್ಲಿ ಅದರದೇ ಹೆಸರಿನ ಮೆಟ್ರೊ ನಿಲ್ದಾಣವಿದೆ. ಬೆಂಗಳೂರು ದೂರವಾಯಿತು ಎನ್ನುವವರಿಗೆ ಶ್ರೀರಂಗಪಟ್ಟಣ ಹತ್ತಿರ. 1784ರ ದರಿಯಾ ದೌಲತ್ ಬಾಗ್ ತೋಟದಿಂದ ಗುಂಬಜ್‌ವರೆಗೆ ಆಟೊ ಹತ್ತದೆ ನಡೆದೇ ಹೋಗಿ. ಅಲ್ಲಿ ರಸ್ತೆಯಲ್ಲಿ ವಾಹನಗಳಿರುತ್ತವೆ, ಮಕ್ಕಳ ಕೈ ಹಿಡಿದಿರಿ.

ಇಷ್ಟೆಲ್ಲ ಮಾಡಿ ಮರುದಿನದಿಂದ ಮತ್ತೆ ಹಿತ್ತಿಲಿಗೇ ಸೀಮಿತವಾದರೆ ದೇಹಕ್ಕೆ ಆಗುವ ಲಾಭ ಬಹಳ ಕಡಿಮೆ. ಲಾಲ್‌ಬಾಗಿನಲ್ಲಿ ಸಿಗುವುದು ಒಂದು ಅಂದಾಜು: ‘ನಾನು ಇಷ್ಟು ನಡೆಯಬಲ್ಲೆ’. ಅಲ್ಲಿ ಮೂರು ಸಲ ಹತ್ತು ನಿಮಿಷ ನಡೆದ ಅಮ್ಮ ಗೆಜ್ಜಲಗೆರೆಯಲ್ಲೂ ನಡೆಯಬಲ್ಲಳು. ಹೆದ್ದಾರಿ ಬದಿ ಬೇಡ, ನಾಲೆಯ ಏರಿಯೂ ಬೇಡ. ತಡೆಗೋಡೆ ಇಲ್ಲದ ನಾಲೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಜೀವ ತೆಗೆದಿವೆಯೆಂದು ಎಲ್ಲರಿಗೂ ತಿಳಿದಿದೆ. ಊರೊಳಗಿನ ರಸ್ತೆ, ರಜೆಯ ದಿನದ ಶಾಲಾ ಮೈದಾನ, ಇಲ್ಲವೇ ಮನೆಯ ತಾರಸಿ ಸಾಕು. ಅಕ್ಕಪಕ್ಕದ ಮೂರು ನಾಲ್ಕು ಹೆಂಗಸರು ಫಜ್ರ್ ಆದ ಮೇಲೆ ಒಟ್ಟಿಗೆ ಹೊರಟರೆ ಸಂಕೋಚ ತಾನಾಗಿ ಕಡಿಮೆಯಾಗುತ್ತದೆ. ಹಾಲಿನ ಡೇರಿಗೆ ಕ್ಯಾನ್ ಹಿಡಿದು ನಡೆಯುವ ಗೌಡರ ಮನೆಯ ಹೆಂಗಸರನ್ನು ಯಾರೂ ಪ್ರಶ್ನಿಸುವುದಿಲ್ಲ. ನಿಮ್ಮನ್ನೂ ಒಂದು ವಾರ ನೋಡಿ ಸುಮ್ಮನಾಗುತ್ತಾರೆ. ರಾತ್ರಿ ಊಟದ ಮೇಲೆ ಹದಿನೈದು ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ.

ಇನ್ನು ಆ ಸೈಕಲ್. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ ನಮ್ಮ ಎಷ್ಟೋ ಮನೆಗಳ ಹಿಂದೆ ತುಕ್ಕು ಹಿಡಿದು ನಿಂತಿದೆ. ಹುಡುಗಿ ದೊಡ್ಡವಳಾದಳೆಂದು ಅದನ್ನು ಗೋಡೆಗೆ ಒರಗಿಸಿದವರು ನಾವೇ. ಷರಿಯತ್ ಹೇಳಿದ ಉಡುಪಿನ ಮಿತಿಯಲ್ಲೇ ಸೈಕಲ್ ತುಳಿಯುವುದಕ್ಕೆ ಏನೂ ಅಡ್ಡಿಯಿಲ್ಲ. ಬುರ್ಖಾ ಚಕ್ರಕ್ಕೆ ಸಿಗದಂತೆ ಚೈನ್ ಕವರ್, ಹಿಂದಿನ ಚಕ್ರಕ್ಕೆ ಬಟ್ಟೆ ತಡೆಯುವ ಬಲೆ ಹಾಕಿಸಬೇಕು. ಟೈರು ಟ್ಯೂಬು ಬದಲಾಯಿಸಿ, ಬ್ರೇಕ್ ಬಿಗಿ ಮಾಡಿಸಿ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಬೆರಳ ತುದಿ ನೆಲಕ್ಕೆ ತಾಗುವ ಎತ್ತರಕ್ಕೆ ಇಳಿಸಿಕೊಡಿ. ಮೊದಲ ಎರಡು ದಿನ ತಂದೆಯೋ ಅಣ್ಣನೋ ಹಿಂದೆ ಹಿಡಿದು ಓಡಲಿ. ಅವರಿಗೂ ನಡಿಗೆ ಬೇಕು.